ಕಾಣದ ಕಿರಣಕ್ಕೆ ಲೆಕ್ಕ ಇಡುವವರಾರು?

ತಲೆ ಸಿಡಿದರೆ ಸಿ.ಟಿ., ಸೊಂಟ ಹಿಡಿದರೆ ಎಕ್ಸ್‌ರೇ, ಹೊಟ್ಟೆ ನುಲಿದರೆ ಮತ್ತೊಂದು ಸ್ಕ್ಯಾನ್. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ವಯಸ್ಸಾದವರಿರುವ ಮನೆಗೆ ಹೋಗಿ ಕೇಳಿದರೆ ಟ್ರಂಕಿನ ತಳದಿಂದಲೋ ಗಾದಿಯ ಕೆಳಗಿನಿಂದಲೋ ಫಿಲ್ಮ್‌ಗಳ ಕಟ್ಟೊಂದು ಹೊರಬರುತ್ತದೆ. ಮುರಿದ ಎಲುಬು ಕೂಡಿಸಿದ್ದು, ಕ್ಷಯ ಪತ್ತೆ ಹಚ್ಚಿದ್ದು, ಮಿದುಳಿನ ರಕ್ತಸ್ರಾವವನ್ನು ಸಕಾಲಕ್ಕೆ ಹಿಡಿದದ್ದು ಇಂಥ ಚಿತ್ರಗಳೇ. ಆ ಉಪಕಾರವನ್ನು ಯಾರೂ ಮರೆಯಬೇಕಿಲ್ಲ. ಆದರೆ ಕಟ್ಟಿನಲ್ಲಿರುವ ಒಂದೊಂದು ಚಿತ್ರ ತೆಗೆಯುವಾಗಲೂ ಮೈಯೊಳಗೆ ಎಷ್ಟು ವಿಕಿರಣ ಇಳಿಯಿತು ಎಂದು ಕೇಳಿ ನೋಡಿ. ರೋಗಿಗೆ ಗೊತ್ತಿರುವುದಿಲ್ಲ. ಬರೆದುಕೊಟ್ಟ ಚೀಟಿಯಲ್ಲಿ ಇರುವುದಿಲ್ಲ. ಕೈಗೆ ಬಂದ ರಿಪೋರ್ಟಿನಲ್ಲಿಯೂ ಸಾಮಾನ್ಯವಾಗಿ ಕಾಣುವುದಿಲ್ಲ.

ಲೆಕ್ಕ ಕೇಳುವುದು ನಮ್ಮ ಸೀಮೆಯ ಜನಕ್ಕೆ ಹೊಸದಲ್ಲ. ಕಬ್ಬು ತುಂಬಿದ ಗಾಡಿ ಕಾರ್ಖಾನೆಯ ಕಾಟಾ ಏರಿದಾಗ ತೂಕದಲ್ಲಿ ತುಸು ವ್ಯತ್ಯಾಸ ಕಂಡರೂ ಗದ್ದಲ ಏಳುತ್ತದೆ, ಏಳಬೇಕಾದದ್ದೇ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲು ರಾತ್ರಿ ರಸ್ತೆಯಲ್ಲಿ ಕುಳಿತು ಟನ್ನಿಗೆ 3,300 ರೂಪಾಯಿ ದರಕ್ಕೆ ಸರ್ಕಾರವನ್ನು ಒಪ್ಪಿಸಿದ್ದನ್ನು ಇಡೀ ರಾಜ್ಯ ನೋಡಿತು. ಹಾಲಿನ ಫ್ಯಾಟಿನ ಅಂಶ ಒಂದು ಪಾಯಿಂಟ್ ಇಳಿದರೆ ಡೇರಿಯ ಕಾರ್ಯದರ್ಶಿಗೆ ಜವಾಬು ಕೇಳುವ ಊರುಗಳಿವು. ಅದೇ ಜನ ತಮ್ಮ ಮೈಗೆ, ತಮ್ಮ ಮಕ್ಕಳ ಮೈಗೆ ಬೀಳುವ ಕಿರಣದ ತೂಕ ಕೇಳುವುದಿಲ್ಲ. ಕೊಡಬೇಕಾದವರೂ ಕೊಡುವುದಿಲ್ಲ, ಕೊಡಿಸಬೇಕಾದವರೂ ಕೊಡಿಸುವುದಿಲ್ಲ. ನಮ್ಮ ಆರೋಗ್ಯ ವ್ಯವಸ್ಥೆ ಎಷ್ಟು ಸಡಿಲಾಗಿದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಈ ಕಿರಣ ಮೈಯೊಳಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬೆಳಕು, ರೇಡಿಯೊ ಅಲೆ, ಮೊಬೈಲ್ ಅಲೆ ಇವೆಲ್ಲವೂ ವಿಕಿರಣವೇ. ಆದರೆ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ಶಕ್ತಿ ಅವುಗಳಿಗಿಲ್ಲ. ಎಕ್ಸ್‌ ಕಿರಣ, ಗಾಮಾ ಕಿರಣ, ಆಲ್ಫಾ ಮತ್ತು ಬೀಟಾ ಕಣಗಳಿಗೆ ಆ ಶಕ್ತಿ ಇದೆ. ಹೀಗೆ ಎಲೆಕ್ಟ್ರಾನ್ ಕಳೆದುಕೊಂಡ ಅಣುವೇ ಅಯಾನು. ಅದಕ್ಕೇ ಇವುಗಳನ್ನು ಅಯಾನುಕಾರಿ ವಿಕಿರಣ ಎನ್ನುವುದು. ಜೀವಕೋಶದ ಬಹುಭಾಗ ನೀರು. ಕಿರಣ ಆ ನೀರಿನ ಅಣುವನ್ನು ಒಡೆದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಮಹಾ ಚುರುಕಿನ ತುಣುಕು ಹುಟ್ಟುತ್ತದೆ. ಸೆಕೆಂಡಿನ ಅತ್ಯಲ್ಪ ಅಂಶದಷ್ಟು ಹೊತ್ತು ಮಾತ್ರ ಬದುಕುವ ಈ ತುಣುಕು ಅಷ್ಟರಲ್ಲೇ ಪಕ್ಕದ ಡಿಎನ್ಎಗೆ ಹಾನಿ ಮಾಡಿ ಮುಗಿಸಿರುತ್ತದೆ. ಎಕ್ಸ್‌ ಕಿರಣದಿಂದ ಡಿಎನ್ಎಗೆ ಆಗುವ ಪೆಟ್ಟಿನಲ್ಲಿ ಹೆಚ್ಚಿನ ಪಾಲು ಈ ಅಡ್ಡದಾರಿಯದ್ದು. ಉಳಿದದ್ದು ಕಿರಣ ನೇರವಾಗಿ ತಾಗಿ ಆದದ್ದು.

ಡಿಎನ್ಎ ಎರಡು ಎಳೆಯ ಹುರಿ ಹಗ್ಗದಂಥದು. ಒಂದೆಳೆ ತುಂಡಾದರೆ ಇನ್ನೊಂದು ಎಳೆಯನ್ನು ನೋಡಿಕೊಂಡು ಕೋಶ ಸರಿಯಾಗಿ ಜೋಡಿಸಿಕೊಳ್ಳುತ್ತದೆ. ಇಂಥ ಒಂದೆಳೆಯ ತುಂಡುಗಳು ನಿತ್ಯದ ಉಸಿರಾಟ, ಚಯಾಪಚಯ ಕ್ರಿಯೆಗಳಿಂದಲೂ ಆಗುತ್ತಲೇ ಇರುತ್ತವೆ. ಅಪಾಯ ಇರುವುದು ಎರಡೂ ಎಳೆ ಒಂದೇ ಜಾಗದಲ್ಲಿ ಕಡಿದಾಗ. ಮೈ ಹೀರಿಕೊಂಡ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಗ್ರೇ ಪ್ರಮಾಣದ ಎಕ್ಸ್‌ ಕಿರಣ ಒಂದು ಕೋಶದಲ್ಲಿ ಸುಮಾರು ಸಾವಿರ ಒಂದೆಳೆ ತುಂಡುಗಳನ್ನೂ ಸುಮಾರು 20ರಿಂದ 40 ಎರಡೆಳೆ ತುಂಡುಗಳನ್ನೂ ಮಾಡುತ್ತದೆ. ಆಗ ಕೋಶದ ಮುಂದೆ ಮೂರು ದಾರಿಗಳಿವೆ. ಸರಿಯಾಗಿ ದುರಸ್ತಿ ಮಾಡಿಕೊಳ್ಳಬಹುದು. ದುರಸ್ತಿ ಸಾಧ್ಯವಿಲ್ಲ ಎಂದು ತಾನೇ ಸಾಯಬಹುದು. ಇಲ್ಲವೇ ತಪ್ಪು ತುದಿಗೆ ತಪ್ಪು ತುದಿ ಜೋಡಿಸಿಕೊಂಡು ಬದುಕಿ ಉಳಿದು, ಆ ತಪ್ಪನ್ನೇ ಮರಿಕೋಶಗಳಿಗೆ ದಾಟಿಸುತ್ತ ಹೋಗಬಹುದು. ಈ ಮೂರನೆಯ ದಾರಿ ವರ್ಷಗಳ, ದಶಕಗಳ ನಂತರ ಕ್ಯಾನ್ಸರ್‌ಗೆ ಮುಟ್ಟಬಲ್ಲದು.

ಎಲ್ಲ ಕೋಶಗಳೂ ಒಂದೇ ರೀತಿ ಪೆಟ್ಟು ತಿನ್ನುವುದಿಲ್ಲ. ವೇಗವಾಗಿ ಒಡೆದು ಹೆಚ್ಚುವ, ಇನ್ನೂ ಪಕ್ವವಾಗದ ಕೋಶಗಳಿಗೆ ವಿಕಿರಣದ ಹೊಡೆತ ಜಾಸ್ತಿ ಎಂದು ಫ್ರಾನ್ಸಿನ ಬರ್ಗೊನಿ ಮತ್ತು ಟ್ರಿಬೊಂಡೊ 1906ರಲ್ಲೇ ತೋರಿಸಿಕೊಟ್ಟರು. ರಕ್ತ ತಯಾರಿಸುವ ಎಲುಬಿನ ಮಜ್ಜೆ, ಕರುಳಿನ ಒಳಪದರ, ವೀರ್ಯಾಣು ಹುಟ್ಟುವ ಜಾಗ, ಕೂದಲಿನ ಬುಡ, ಹೊಟ್ಟೆಯೊಳಗಿನ ಶಿಶು ಇವೆಲ್ಲ ಅಂಥ ಜಾಗಗಳು. ಸ್ನಾಯು, ನರಗಳು ಇವಕ್ಕಿಂತ ಗಟ್ಟಿ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಈ ನಿಯಮಕ್ಕೆ ಹೊರಗು: ಅದು ಒಡೆಯದೆ ಸುಮ್ಮನಿದ್ದಾಗಲೂ ಅಲ್ಪ ವಿಕಿರಣಕ್ಕೆ ಸಾಯುತ್ತದೆ. ವಿಕಿರಣ ಅಪಘಾತದಲ್ಲಿ ಸಿಕ್ಕವರ ರಕ್ತದಲ್ಲಿ ಈ ಕಣಗಳು ಎಷ್ಟು ಬೇಗ ಇಳಿದವು ಎಂಬುದನ್ನು ನೋಡಿಯೇ ವೈದ್ಯರು ಪೆಟ್ಟಿನ ಅಂದಾಜು ಮಾಡುತ್ತಾರೆ.

ಹಾನಿಯೂ ಎರಡು ಬಗೆ. ಒಂದು, ಇಷ್ಟು ಪ್ರಮಾಣ ದಾಟಿದರೆ ಆಗಿಯೇ ತೀರುವಂಥದು. ಚರ್ಮಕ್ಕೆ ಒಂದೇ ಬಾರಿಗೆ 2 ಗ್ರೇ ದಾಟಿದರೆ ಕೆಂಪೇರಿಕೆ, 3 ಗ್ರೇ ಹೊತ್ತಿಗೆ ಕೂದಲು ಉದುರುವುದು. ಕಣ್ಣಿನ ಮಸೂರಕ್ಕೆ 0.5 ಗ್ರೇ ದಾಟಿದರೆ ವರ್ಷಗಳ ಮೇಲೆ ಪೊರೆ. ಇಡೀ ಮೈಗೆ ಸುಮಾರು 4 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾವು. ಇವೆಲ್ಲ ದೊಡ್ಡ ಪ್ರಮಾಣದ ಮಾತು. ನಮ್ಮೂರಿನ ಎಕ್ಸ್‌ರೇ ಕೋಣೆಗೆ ಸಂಬಂಧಿಸಿದ್ದಲ್ಲ. ನಮಗೆ ಸಂಬಂಧಿಸಿದ್ದು ಎರಡನೆಯ ಬಗೆ. ಪ್ರಮಾಣ ಹೆಚ್ಚಾದಷ್ಟೂ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ, ಯಾರಿಗೆ ಬರುತ್ತದೆ ಎಂದು ಹೇಳಲಾಗದು, ಬಂದ ಮೇಲೆ ಇದರಿಂದಲೇ ಬಂತೆಂದು ತೋರಿಸಲೂ ಆಗದು. ತೀರ ಸಣ್ಣ ಪ್ರಮಾಣದಲ್ಲಿ ಅಪಾಯ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಇದೆ. ಆದರೂ ಜಗತ್ತಿನ ನಿಯಂತ್ರಣ ಸಂಸ್ಥೆಗಳು ‘ಅಲ್ಪವಾದರೂ ಅಪಾಯ ಇದೆ’ ಎಂಬ ಎಚ್ಚರದ ಮೇಲೆಯೇ ನಿಯಮ ಕಟ್ಟಿವೆ. ಇಂಥ ಅಪಾಯ ಅಳೆಯುವ ಮಾನ ಮಿಲಿಸೀವರ್ಟ್. ಈ ಸಂಸ್ಥೆಗಳ ಲೆಕ್ಕದಲ್ಲಿ 10 ಮಿಲಿಸೀವರ್ಟ್ ಬಿದ್ದ 2,000 ಜನರಲ್ಲಿ ಒಬ್ಬರಿಗೆ ಅದರಿಂದ ಮಾರಕ ಕ್ಯಾನ್ಸರ್ ಬರಬಹುದು. ಒಬ್ಬ ರೋಗಿಯ ಪಾಲಿಗೆ ಇದು ಸಣ್ಣ ಸಂಖ್ಯೆ. ಸಾವಿರಗಟ್ಟಲೆ ಜನರಿಗೆ ಕಾರಣವಿಲ್ಲದೆ ಸ್ಕ್ಯಾನ್ ಬರೆಯುವ ವ್ಯವಸ್ಥೆಯ ಪಾಲಿಗೆ ಸಣ್ಣದಲ್ಲ.

ಈಗ ಚಿತ್ರಗಳ ಲೆಕ್ಕಕ್ಕೆ ಬರೋಣ. ಮಣ್ಣು, ಕಲ್ಲು, ಗಾಳಿ, ಆಕಾಶ ಎಲ್ಲದರಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಬರುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.1 ಮಿಲಿಸೀವರ್ಟ್‌ಗಿಂತ ಕಡಿಮೆ. ಸೊಂಟದ ಎಕ್ಸ್‌ರೇಗೆ ಒಂದೂವರೆಯಷ್ಟು. ತಲೆಯ ಸಿ.ಟಿ.ಗೆ ಸುಮಾರು 2, ಎದೆಯ ಸಿ.ಟಿ.ಗೆ 6–7, ಹೊಟ್ಟೆಯ ಸಿ.ಟಿ.ಗೆ 8–10. ಔಷಧ ಕೊಟ್ಟು ಎರಡು ಮೂರು ಹಂತದಲ್ಲಿ ತೆಗೆದರೆ ಅಷ್ಟೇ ಪಟ್ಟು ಏರುತ್ತದೆ. ಯಂತ್ರ, ರೋಗಿಯ ಗಾತ್ರ, ಆಪರೇಟರ್ ಇಟ್ಟ ಸೆಟ್ಟಿಂಗ್ ಇವುಗಳ ಮೇಲೆ ಒಂದೇ ಪರೀಕ್ಷೆಯ ಪ್ರಮಾಣವೂ ಹಲವು ಪಟ್ಟು ಬದಲಾಗಬಹುದು. ಸೋನೋಗ್ರಫಿ ಮತ್ತು ಎಂ.ಆರ್.ಐ.ಗಳಲ್ಲಿ ಅಯಾನುಕಾರಿ ವಿಕಿರಣ ಸ್ವಲ್ಪವೂ ಇಲ್ಲ. ಜನರ ಬಾಯಲ್ಲಿ ಇವೆಲ್ಲವೂ ‘ಸ್ಕ್ಯಾನಿಂಗ್’ ಒಂದೇ ಆಗಿಬಿಟ್ಟಿವೆ. ಹಾಗಾಗಿ ಬಸುರಿಯ ಸೋನೋಗ್ರಫಿಗೆ ಹೆದರುವವರೂ ಇದ್ದಾರೆ, ಮಗುವಿನ ತಲೆಯ ಸಿ.ಟಿ.ಗೆ ಹೆದರದವರೂ ಇದ್ದಾರೆ.

ಮಕ್ಕಳ ವಿಷಯದಲ್ಲಿ ಉದಾಸೀನ ಸಲ್ಲದು. ಅವರ ಕೋಶಗಳು ಬೇಗ ಬೇಗ ಹೆಚ್ಚುತ್ತಿರುತ್ತವೆ. ಪೆಟ್ಟು ತಿಂದ ಕೋಶ ಕ್ಯಾನ್ಸರ್ ಆಗಲು ಮುಂದೆ ಬಾಳಬೇಕಾದ ವರ್ಷಗಳೂ ಬಹಳ. ಯುರೋಪಿನ ಒಂಬತ್ತು ದೇಶಗಳಲ್ಲಿ ಎಳೆಯ ವಯಸ್ಸಿನಲ್ಲಿ ಸಿ.ಟಿ. ಮಾಡಿಸಿಕೊಂಡ ಸುಮಾರು ಒಂಬತ್ತೂವರೆ ಲಕ್ಷ ಜನರನ್ನು ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಇಂದು ಸಿ.ಟಿ. ಮಾಡಿಸಿಕೊಳ್ಳುವ ಹತ್ತು ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಅದರಿಂದಾಗಿ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅದರ ತೀರ್ಮಾನ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ಮಗುವಿಗೆ ಈ ಅಪಾಯ ಲೆಕ್ಕಕ್ಕೇ ಬರುವುದಿಲ್ಲ, ಆ ಸಿ.ಟಿ. ತಕ್ಷಣ ಆಗಬೇಕು. ಆಡುವಾಗ ಕಟ್ಟೆಗೆ ಹಣೆ ತಾಗಿಸಿಕೊಂಡು, ಅತ್ತು ಸುಮ್ಮನಾಗಿ, ಮತ್ತೆ ಆಟಕ್ಕೆ ಓಡಿದ ಮಗುವಿಗೆ ‘ಯಾವುದಕ್ಕೂ ಇರಲಿ’ ಎಂದು ಮಾಡಿಸುವ ಸಿ.ಟಿ.ಗೆ ಸಮರ್ಥನೆ ಇಲ್ಲ.

ನಮ್ಮ ಕಡೆಯ ಸಣ್ಣ ಊರುಗಳ ಎಕ್ಸ್‌ರೇ ಕೋಣೆಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ದೃಶ್ಯ ಒಂದಿದೆ. ಕೈ ಮುರಿದುಕೊಂಡ ಆರು ವರ್ಷದ ಹುಡುಗ ಅಳುತ್ತಿದ್ದಾನೆ. ‘ಅವನ್ನ ಗಟ್ಟಿ ಹಿಡ್ಕೊಳ್ಳಬೇ ಯವ್ವಾ, ಅಲುಗಾಡಬಾರ್ದು’ ಎನ್ನುತ್ತಾನೆ ಆಪರೇಟರ್. ತಾಯಿ ಮಗನ ಮೇಲೆ ಬಾಗಿ ಹಿಡಿದುಕೊಳ್ಳುತ್ತಾಳೆ. ಅವಳಿಗೆ ಅಪ್ರಾನ್ ಇಲ್ಲ. ಸೀಸದ ಅಪ್ರಾನ್ ಗೋಡೆಯ ಮೊಳೆಗೆ ಮಡಚಿ ನೇತುಬಿದ್ದು, ಮಡಿಕೆಯ ಜಾಗದಲ್ಲಿ ಬಿರುಕು ಬಿಟ್ಟಿದೆ. ಅವಳು ಬಸುರಿಯೇ ಎಂದು ಯಾರೂ ಕೇಳಲಿಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ, ಹೊಸ್ತಿಲಾಚೆ ಬೆಂಚಿನ ಮೇಲೆ ನಾಲ್ಕು ಜನ ಸರದಿ ಕಾಯುತ್ತಿದ್ದಾರೆ. ಆಪರೇಟರ್ ಅಂಗಿಯ ಮೇಲೆ ಇರಬೇಕಾದ ಟಿ.ಎಲ್.ಡಿ. ಬ್ಯಾಡ್ಜ್ ಮೇಜಿನ ಖಾನೆಯಲ್ಲಿದೆ. ಒಂದು ಗುಂಡಿ ಒತ್ತಿದ್ದಾಯಿತು, ಚಿತ್ರ ಬಂತು, ದುಡ್ಡು ಕೊಟ್ಟಾಯಿತು. ಅಂದು ತಾಯಿಗೆ ತಗಲಿದ ಪ್ರಮಾಣ ತೀರ ಕಡಿಮೆಯೇ ಇರಬಹುದು. ಆದರೆ ಆ ಆಪರೇಟರ್ ದಿನಕ್ಕೆ ಹತ್ತಾರು ಬಾರಿ, ವರ್ಷದುದ್ದಕ್ಕೂ ಅದೇ ಕೋಣೆಯಲ್ಲಿ ನಿಲ್ಲುತ್ತಾನೆ. ಅವನ ಮೈಗೆ ಎಷ್ಟು ಬಿತ್ತೆಂದು ಹೇಳಬೇಕಾದ ಬ್ಯಾಡ್ಜ್ ಖಾನೆಯ ಕತ್ತಲನ್ನು ಅಳೆಯುತ್ತಿದೆ.

ಈ ದೃಶ್ಯದ ಪ್ರತಿ ತಪ್ಪಿಗೂ ನಿಯಮ ಇದೆ. 1962ರ ಅಣುಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎ.ಇ.ಆರ್.ಬಿ., ಎಕ್ಸ್‌ರೇ ಯಂತ್ರಕ್ಕೂ ಪರವಾನಗಿ ಕೊಡುವ ಸಂಸ್ಥೆ. 2004ರ ವಿಕಿರಣ ರಕ್ಷಣಾ ನಿಯಮಗಳು, ಮಂಡಳಿಯ ಸುರಕ್ಷತಾ ಸಂಹಿತೆಗಳು ಎಲ್ಲವನ್ನೂ ವಿವರವಾಗಿ ಹೇಳಿವೆ: ದಪ್ಪ ಗೋಡೆ, ಸೀಸದ ತಗಡು ಹೊದಿಸಿದ ಬಾಗಿಲು, ಬಾಗಿಲ ಮೇಲೆ ಕೆಂಪು ದೀಪ, ಮೂರು ರೆಕ್ಕೆಯ ಎಚ್ಚರಿಕೆಯ ಗುರುತು, ಬಸುರಿಯರಿಗೆ ಸೂಚನಾ ಫಲಕ, ತರಬೇತಾದ ಸಿಬ್ಬಂದಿ, ಅವರಿಗೆ ಬ್ಯಾಡ್ಜ್, ಯಂತ್ರಕ್ಕೆ ನಿಯತ ಗುಣಮಟ್ಟ ಪರೀಕ್ಷೆ. ವಿಕಿರಣದಲ್ಲಿ ಕೆಲಸ ಮಾಡುವವನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ರೋಗಿಗೆ ಮಾತ್ರ ಮಿತಿ ಇಲ್ಲ. ರೋಗಿಗೆ ಬೇಕಾದಷ್ಟು ಕೊಡಲೇಬೇಕಾಗುತ್ತದೆ, ಆದ್ದರಿಂದ ಅಲ್ಲಿ ಎರಡೇ ಪ್ರಶ್ನೆ: ಈ ಚಿತ್ರ ನಿಜವಾಗಿ ಬೇಕೆ? ಬೇಕಾದರೆ ಎಷ್ಟು ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತದೆ? ಈ ಎರಡು ಪ್ರಶ್ನೆ ಕೇಳುವ ವಿವೇಕವನ್ನು ಕಾನೂನು ವೈದ್ಯರಿಗೆ ಬಿಟ್ಟಿದೆ.

ನಿಯಮಕ್ಕೂ ನೆಲಕ್ಕೂ ಎಷ್ಟು ಅಂತರ ಎಂಬುದನ್ನು ದೇಶದ ಮಹಾಲೇಖಪಾಲರೇ 2012ರಲ್ಲಿ ಹೇಳಿದರು. ಸಂಸತ್ತಿಗೆ ಸಲ್ಲಿಸಿದ ಆ ವರದಿಯ ಪ್ರಕಾರ ದೇಶದಲ್ಲಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯಲ್ಲಿ ನೋಂದಣಿಯಾಗಿದ್ದವು ಕೇವಲ 5,270. ಉಳಿದ 52,173, ಅಂದರೆ ನೂರಕ್ಕೆ 91ರಷ್ಟು, ಯಾರ ಕಣ್ಣಿಗೂ ಬೀಳದೆ ನಡೆಯುತ್ತಿದ್ದವು. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ನಿರ್ದೇಶನ ಕೊಟ್ಟಿತ್ತು. ಹನ್ನೊಂದು ವರ್ಷ ಕಳೆದರೂ ಕೇರಳ, ಮಿಜೋರಾಂ ಎರಡೇ ರಾಜ್ಯಗಳು ಅದನ್ನು ಮಾಡಿದ್ದವು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ 2013ರಿಂದ ಆನ್‌ಲೈನ್ ಪರವಾನಗಿ ವ್ಯವಸ್ಥೆ ಬಂತು, ನೋಂದಣಿ ಹೆಚ್ಚಿತು, ಅದು ಒಳ್ಳೆಯದೇ. ಆದರೆ ಮುಂಬಯಿಯ ಮಂಡಳಿಯ ಕಂಪ್ಯೂಟರಿನಲ್ಲಿ ಪರವಾನಗಿ ಹುಟ್ಟಿದ ಮಾತ್ರಕ್ಕೆ ನಮ್ಮ ಸಂಕೇಶ್ವರದ ಎಕ್ಸ್‌ರೇ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಮುಚ್ಚಿಸಬೇಕಾದವರು ಜಿಲ್ಲೆಯಲ್ಲೇ ಇದ್ದಾರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ಆಸ್ಪತ್ರೆ, ಡಯಾಗ್ನೊಸ್ಟಿಕ್ ಸೆಂಟರ್‌ಗಳ ನೋಂದಣಿ ಮಾಡುವ ಪ್ರಾಧಿಕಾರ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿದೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ಭ್ರೂಣಲಿಂಗ ಪತ್ತೆ ತಡೆಯಲು ಸೋನೋಗ್ರಫಿ ಯಂತ್ರಗಳ ಮೇಲೆ ದಾಳಿ ನಡೆಯುತ್ತದೆ, ಯಂತ್ರಕ್ಕೆ ಸೀಲ್ ಬೀಳುತ್ತದೆ. ಅದು ಆಗಬೇಕಾದ ಕೆಲಸ. ಸೋನೋಗ್ರಫಿಯಿಂದ ಕೋಶಕ್ಕೆ ವಿಕಿರಣದ ಅಪಾಯ ಇಲ್ಲ. ಅಪಾಯ ಇರುವ ಯಂತ್ರದ ಕೋಣೆಗೆ ಅಷ್ಟೇ ಕಟ್ಟುನಿಟ್ಟಾಗಿ ಅಧಿಕಾರಿ ಬಂದ ಸುದ್ದಿ ಯಾವಾಗಲಾದರೂ ಕಿವಿಗೆ ಬಿದ್ದಿದೆಯೇ ಎಂದು ಓದುಗರೇ ನೆನಪಿಸಿಕೊಳ್ಳಲಿ.

ಕೋವಿಡ್ ಎರಡನೆಯ ಅಲೆಯ ದಿನಗಳು ಈ ಸಡಿಲಿಕೆಯನ್ನು ಬಯಲಿಗೆ ತಂದವು. 2021ರ ಏಪ್ರಿಲ್–ಮೇನಲ್ಲಿ ಸ್ವಲ್ಪ ಜ್ವರ, ಕೆಮ್ಮು ಬಂದವರೂ ಎದೆಯ ಸಿ.ಟಿ.ಗೆ ಸಾಲುಗಟ್ಟಿದರು. ‘ಸಿ.ಟಿ. ಸ್ಕೋರ್ ಎಷ್ಟ ಬಂತು?’ ಎಂಬುದು ಉಭಯ ಕುಶಲೋಪರಿಯ ಮಾತಾಯಿತು. ಮೂರು ದಿನಕ್ಕೊಮ್ಮೆ ಮಾಡಿಸಿಕೊಂಡವರೂ ಇದ್ದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ಸೌಮ್ಯ ಲಕ್ಷಣದವರಿಗೆ ಸಿ.ಟಿ. ಬೇಡ, ಒಂದು ಸಿ.ಟಿ. ಮುನ್ನೂರು ನಾನೂರು ಎಕ್ಸ್‌ರೇಗೆ ಸಮ ಎಂದರು. ಈಗಿನ ಯಂತ್ರಗಳಲ್ಲಿ ಪ್ರಮಾಣ ಅಷ್ಟಿಲ್ಲ ಎಂದು ರೇಡಿಯಾಲಜಿಸ್ಟರ ಸಂಘ ಆಕ್ಷೇಪ ಎತ್ತಿತು. ಆ ಜಗಳ ಪತ್ರಿಕೆಗಳಲ್ಲಿ ನಾಲ್ಕು ದಿನ ನಡೆದು ನಿಂತಿತು. ರಾಜ್ಯ ಸರ್ಕಾರ ಸಿ.ಟಿ.ಯ ದರಕ್ಕೆ ಮಿತಿ ಹಾಕಿತು. ಜೇಬಿಗೆ ಬೀಳುವ ಭಾರಕ್ಕೆ ಮಿತಿ ಬಂತು, ಮೈಗೆ ಬೀಳುವ ಭಾರದ ಮಾತು ಅಲ್ಲಿಗೇ ನಿಂತಿತು. ಆ ಎರಡು ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಒಬ್ಬೊಬ್ಬ ರೋಗಿಗೆ ಬಿದ್ದದ್ದು ಎಷ್ಟು ಎಂಬುದು ಯಾವ ಕಡತದಲ್ಲಾದರೂ ಇದ್ದಿದ್ದರೆ ಗುಲೇರಿಯಾ ಅವರದು ಸರಿಯೋ ಸಂಘದವರದು ಸರಿಯೋ ಎಂದು ಊರವರೇ ತೂಗಿ ನೋಡಬಹುದಿತ್ತು.

ವಿಚಿತ್ರವೆಂದರೆ ಆ ಲೆಕ್ಕ ಇಲ್ಲದ ವಸ್ತುವಲ್ಲ. ಪ್ರತಿ ಸಿ.ಟಿ. ಮುಗಿದ ಕೂಡಲೇ ಯಂತ್ರ ತಾನೇ ಒಂದು ಪುಟ ತಯಾರಿಸುತ್ತದೆ. ಅದರಲ್ಲಿ ವಿಕಿರಣದ ಪ್ರಮಾಣ ಹೇಳುವ ಸಿ.ಟಿ.ಡಿ.ಐ., ಡಿ.ಎಲ್.ಪಿ. ಎಂಬ ಎರಡು ಅಂಕಿ ಇರುತ್ತವೆ. ಎದೆಯ ಸಿ.ಟಿ.ಯ ಡಿ.ಎಲ್.ಪಿ. 500 ಇದ್ದರೆ ಅದನ್ನು 0.014ರಿಂದ ಗುಣಿಸಿದರಾಯಿತು, ಸುಮಾರು 7 ಮಿಲಿಸೀವರ್ಟ್. ಏಳನೆಯ ತರಗತಿಯ ಹುಡುಗಿ ಮಾಡುವ ಲೆಕ್ಕ. ಆ ಪುಟ ಕಂಪ್ಯೂಟರಿನೊಳಗೇ ಉಳಿಯುತ್ತದೆ. ರೋಗಿಯ ರಿಪೋರ್ಟಿಗೆ ಇಳಿಯುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನ ದೊಡ್ಡ ಆಸ್ಪತ್ರೆಯೊಂದರಲ್ಲಿ ತಪ್ಪು ಸೆಟ್ಟಿಂಗ್‌ನಿಂದ 200ಕ್ಕೂ ಹೆಚ್ಚು ರೋಗಿಗಳ ತಲೆಗೆ ಎಂಟು ಪಟ್ಟು ವಿಕಿರಣ ಬಿದ್ದದ್ದು 2009ರಲ್ಲಿ ಹೊರಬಿತ್ತು. ಒಂದೂವರೆ ವರ್ಷ ಯಾರಿಗೂ ಗೊತ್ತಾಗಿರಲಿಲ್ಲ, ರೋಗಿಗಳ ಕೂದಲು ಉದುರಿದಾಗಲೇ ಗೊತ್ತಾದದ್ದು. ಕ್ಯಾಲಿಫೋರ್ನಿಯಾ ಸುಮ್ಮನೆ ಕೂರಲಿಲ್ಲ. 2012ರ ಜುಲೈಯಿಂದ ಪ್ರತಿ ಸಿ.ಟಿ. ರಿಪೋರ್ಟಿನಲ್ಲೂ ಪ್ರಮಾಣ ಬರೆಯುವುದನ್ನು ಕಾನೂನೇ ಮಾಡಿತು. ಅದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಒಂದು ಸಾಲು ಹೆಚ್ಚು ಟೈಪ್ ಮಾಡಿದರೆ ಸಾಕಾಯಿತು.

ಲೆಕ್ಕ ಇಡುವ ಕಡೆ ತಪ್ಪು ಬೇಗ ಸಿಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 2009ರ ನವೆಂಬರ್‌ನಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣಶೀಲ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದರು. ಐವತ್ತಕ್ಕೂ ಹೆಚ್ಚು ನೌಕರರ ಮೈಗೆ ಅದು ಸೇರಿತು. ನೀರಿಗೆ ಬಣ್ಣವಿರಲಿಲ್ಲ, ವಾಸನೆ ಇರಲಿಲ್ಲ. ಸಿಕ್ಕಿಬಿದ್ದದ್ದು ನೌಕರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದದ್ದರಿಂದ. ಇನ್ನೊಂದು ಸಾಕ್ಷಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯದು. ದೆಹಲಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ, ವಿಕಿರಣಶೀಲ ಕೋಬಾಲ್ಟ್-60 ಇದ್ದ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಹರಾಜು ಹಾಕಿದರು. ಯಾವುದರಲ್ಲಿ ಏನಿದೆ ಎಂಬ ದಾಖಲೆ ಯಾರೂ ನೋಡಲಿಲ್ಲ. ಗುಜರಿಯವರು ಬಿಚ್ಚಿದರು, ಚೂರು ಮಾಡಿದರು. ಮಜ್ಜೆ ಸತ್ತು, ರಕ್ತಕಣ ಇಳಿದು, ಚರ್ಮ ಕಪ್ಪಾಗಿ ಏಪ್ರಿಲ್‌ನಲ್ಲಿ ಒಬ್ಬ ಕಾರ್ಮಿಕ ತೀರಿಕೊಂಡ, ಹಲವರು ಆಸ್ಪತ್ರೆ ಸೇರಿದರು. ಒಂದು ಕಡೆ ಲೆಕ್ಕ ಇತ್ತು, ತಪ್ಪು ಬೇಗ ಸಿಕ್ಕಿತು. ಇನ್ನೊಂದು ಕಡೆ ಲೆಕ್ಕ ತಪ್ಪಿತು, ಜೀವ ಹೋಯಿತು. ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಬೆಸುಗೆ ಪರೀಕ್ಷೆಗೆ ಇರಿಡಿಯಂ-192 ವಿಕಿರಣ ಮೂಲ ತಂದರೆ ಅದರ ದಾಖಲೆ, ಸುತ್ತಲಿನ ಬೇಲಿ, ಕಾವಲು ನೋಡುವುದೂ ಇದೇ ಮಾತಿಗೆ ಸೇರಿದ್ದು.

ಇದೇ ಕಿರಣ ಜೀವ ಉಳಿಸುವ ಕಡೆ ಶಿಸ್ತು ಎಷ್ಟಿದೆ ನೋಡಿ. ನಮ್ಮ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳು ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳಲು ಬೆಳಗಾವಿಗೋ ಮಿರಜಕ್ಕೋ ಹುಬ್ಬಳ್ಳಿ ನವನಗರಕ್ಕೋ ವಾರಗಟ್ಟಲೆ ಅಲೆಯುತ್ತಾರೆ. ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಐದಾರು ವಾರ ಚಿಕಿತ್ಸೆ ಹಂಚುವುದಕ್ಕೆ ಕಾರಣ ಇದೆ. ಎರಡು ಸರದಿಯ ನಡುವಿನ ಹೊತ್ತಿನಲ್ಲಿ ಆರೋಗ್ಯವಂತ ಕೋಶ ತನ್ನ ಡಿಎನ್ಎ ದುರಸ್ತಿ ಮಾಡಿಕೊಳ್ಳುತ್ತದೆ, ದುರಸ್ತಿಯಲ್ಲಿ ಹಿಂದಿರುವ ಕ್ಯಾನ್ಸರ್ ಕೋಶ ಸಾಯುತ್ತದೆ. ಎಲ್ಲಿಗೆ ಎಷ್ಟು ಎಂಬುದನ್ನು ವೈದ್ಯಕೀಯ ಭೌತವಿಜ್ಞಾನಿ ಮೊದಲೇ ಲೆಕ್ಕ ಹಾಕಿ ಕಾಗದದ ಮೇಲೆ ಇಡುತ್ತಾನೆ. ಕ್ಯಾನ್ಸರ್ ಕೋಶ ಕೊಲ್ಲಲು ಅಷ್ಟು ಲೆಕ್ಕ ಇಡುವ ವೈದ್ಯಶಾಸ್ತ್ರ, ಅದನ್ನು ಹುಟ್ಟಿಸಬಲ್ಲ ಕಿರಣದ ಚಿಲ್ಲರೆ ಬಳಕೆಯಲ್ಲಿ ಅದೇ ಶಿಸ್ತನ್ನು ಯಾಕೆ ಬಿಟ್ಟುಕೊಡಬೇಕು?

ಬಿಟ್ಟುಕೊಟ್ಟಿರುವ ಕಾರಣಗಳು ಗುಟ್ಟೇನಲ್ಲ. ಹೊಟ್ಟೆ ಮುಟ್ಟಿ, ಎದೆ ತಟ್ಟಿ, ಹತ್ತು ಪ್ರಶ್ನೆ ಕೇಳಿ ರೋಗ ಗುರುತಿಸುವ ತಾಳ್ಮೆ ಕಡಿಮೆಯಾಗಿದೆ. ಒಂದು ಆಸ್ಪತ್ರೆಯ ಫಿಲ್ಮ್ ಇನ್ನೊಂದು ಆಸ್ಪತ್ರೆ ಒಪ್ಪುವುದಿಲ್ಲ. ಗೋಕಾಕದಲ್ಲಿ ನಿನ್ನೆ ತೆಗೆದದ್ದನ್ನು ಬೆಳಗಾವಿಯಲ್ಲಿ ಇಂದು ಮತ್ತೆ ತೆಗೆಯುತ್ತಾರೆ. ಬರೆದುಕೊಟ್ಟವರಿಗೆ ಪಾಲು ಮುಟ್ಟುತ್ತದೆ ಎಂಬುದು ಬಸ್ ಸ್ಟ್ಯಾಂಡಿನ ಮಾತಾಗಿಬಿಟ್ಟಿದೆ. ವೈದ್ಯರು ಇಂಥ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆ ನಿಷೇಧಿಸಿದೆ. ರೋಗಿಗಳ ತಪ್ಪೂ ಇದೆ. ‘ಡಾಕ್ಟ್ರ, ಒಂದ ಸ್ಕ್ಯಾನಿಂಗ್ ಬರದ್ಬಿಡ್ರಿ, ಮನಸ್ಸಿಗೆ ಸಮಾಧಾನ’ ಎಂದು ಪಟ್ಟು ಹಿಡಿಯುವವರು ಕಡಿಮೆಯಿಲ್ಲ. ಬೇಡ ಎಂದ ವೈದ್ಯರನ್ನು ‘ಗೊತ್ತಿಲ್ಲದವ’ ಎಂದು ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಮೊಬೈಲ್ ಟವರ್ ಬೇಡವೆಂದು ಓಣಿಯವರು ಅರ್ಜಿ ಬರೆಯುತ್ತಾರೆ, ಟವರಿನ ಅಲೆಗೆ ಅಣುವನ್ನು ಅಯಾನು ಮಾಡುವ ಶಕ್ತಿ ಇಲ್ಲ. ಆ ಶಕ್ತಿ ಇರುವ ಯಂತ್ರದ ಮುಂದೆ ಅದೇ ಓಣಿಯವರು ಒಂದು ಪ್ರಶ್ನೆಯೂ ಕೇಳದೆ ಮಲಗುತ್ತಾರೆ.

ಡಾ. ನಾ. ಸು. ಹರ್ಡೀಕರರು ಘಟಪ್ರಭೆಯ ಆರೋಗ್ಯಧಾಮವನ್ನು ಸಾರ್ವಜನಿಕ ಸೇವೆ ಎಂದು ಬೆಳೆಸಿದ ಸೀಮೆ ಇದು. ವೈದ್ಯ ಎಂದರೆ ಊರಿನ ಭರವಸೆ ಎಂಬ ನಂಬಿಕೆ ಇಲ್ಲಿ ಪೂರ್ತಿ ಸತ್ತಿಲ್ಲ. ಅನಗತ್ಯ ಸ್ಕ್ಯಾನ್ ಬರೆಯದ, ಮಗುವಿನ ತಾಯಿಗೆ ಕುಳಿತು ತಿಳಿಸಿ ಹೇಳುವ ವೈದ್ಯರು, ಬಾಗಿಲು ಮುಚ್ಚಿ ಬ್ಯಾಡ್ಜ್ ಹಾಕಿಕೊಂಡೇ ಗುಂಡಿ ಒತ್ತುವ ತಂತ್ರಜ್ಞರು ನಮ್ಮಲ್ಲಿದ್ದಾರೆ. ಅವರಿಗೆ ಬಲ ಬರಬೇಕಾದರೆ ಉಳಿದವರ ಮೇಲೆ ನಿಗಾ ಇರಬೇಕು.

ಕೆಲಸ ದೊಡ್ಡದೇನಲ್ಲ. ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರತಿ ಎಕ್ಸ್‌ರೇ, ಸಿ.ಟಿ., ದಂತ ಎಕ್ಸ್‌ರೇ, ಎಲುಬಿನ ಆಸ್ಪತ್ರೆಗಳ ಸಿ-ಆರ್ಮ್ ಎಕ್ಸ್‌ರೇ ಘಟಕಗಳ ಪಟ್ಟಿಯನ್ನು ಪರವಾನಗಿಯ ಸಿಂಧುತ್ವದ ದಿನಾಂಕ ಸಹಿತ ತಾಲ್ಲೂಕು ಕಚೇರಿಯ ಫಲಕಕ್ಕೆ ಹಾಕಲಿ. ಸರ್ಕಾರಿ ಆಸ್ಪತ್ರೆಗಳ ಯಂತ್ರಗಳಿಂದಲೇ ಆ ಪಟ್ಟಿ ಆರಂಭವಾಗಲಿ. ತನ್ನ ಮನೆ ತೊಳೆಯದ ಸರ್ಕಾರಕ್ಕೆ ಖಾಸಗಿಯವರನ್ನು ಕೇಳುವ ಬಾಯಿ ಇರುವುದಿಲ್ಲ. ನೋಂದಣಿ ನವೀಕರಿಸುವಾಗ ಗುಣಮಟ್ಟ ಪರೀಕ್ಷೆಯ ವರದಿಯನ್ನೂ ಬ್ಯಾಡ್ಜಿನ ಅಳತೆಯ ದಾಖಲೆಯನ್ನೂ ಕೇಳಲಿ. ಸಿ.ಟಿ. ರಿಪೋರ್ಟಿನ ಕೊನೆಗೆ ಡಿ.ಎಲ್.ಪಿ. ಅಂಕಿ ಬರೆಯುವುದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಇಲ್ಲಿನ ವೈದ್ಯರ ಸಂಘವೇ ಸ್ವಇಚ್ಛೆಯಿಂದ ಆರಂಭಿಸಲಿ. ಕಾನೂನಿಗೆ ಕಾಯಬೇಕಾದ ಕೆಲಸ ಇದಲ್ಲ.

ಓದುಗರಿಗೂ ಒಂದು ಮಾತು. ಬೇಕಾದ ಎಕ್ಸ್‌ರೇಗೆ, ಬೇಕಾದ ಸಿ.ಟಿ.ಗೆ ಹೆದರಬೇಡಿ, ಹೆದರಿ ತಪ್ಪಿಸಿಕೊಂಡರೆ ರೋಗವೇ ಗೆಲ್ಲುತ್ತದೆ. ಆದರೆ ಮಲಗುವ ಮುನ್ನ ಕೇಳಿ: ಈ ಚಿತ್ರದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ, ಸೋನೋಗ್ರಫಿಯಲ್ಲಿ ಆಗುವುದಿಲ್ಲವೇ, ಹಳೆಯ ಫಿಲ್ಮ್ ಸಾಕಾಗುವುದಿಲ್ಲವೇ? ಬಸುರಿಯಾಗಿದ್ದರೆ, ಆಗಿರಬಹುದು ಎಂಬ ಅನುಮಾನವಿದ್ದರೂ, ಕೇಳುವ ಮೊದಲೇ ಹೇಳಿ. ಮಗುವನ್ನು ಹಿಡಿಯಬೇಕಾದರೆ ಅಪ್ರಾನ್ ಕೇಳಿ ಪಡೆಯಿರಿ. ಫಿಲ್ಮ್, ಸಿ.ಡಿ., ರಿಪೋರ್ಟ್ ಜೋಪಾನವಾಗಿಡಿ, ಇನ್ನೊಂದು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ಕೊನೆಯಲ್ಲಿ ‘ಡೋಸ್ ಎಷ್ಟ ಬಿತ್ರಿ, ಬರದ್ ಕೊಡ್ರಿ’ ಎಂದು ಕೇಳಿ. ಟನ್ನಿನ ದರಕ್ಕೆ ರಸ್ತೆಯಲ್ಲಿ ಕೂತ ಜನಕ್ಕೆ ಇಷ್ಟು ಕೇಳುವುದು ಕಷ್ಟವಲ್ಲ, ಮತ್ತು ಬರೆದುಕೊಡಲು ಒಪ್ಪದ ಕೇಂದ್ರಕ್ಕೆ ಎರಡನೆಯ ಸಲ ಹೋಗುವ ಅಗತ್ಯವೂ ಇಲ್ಲ.